ನಲ್ಲಿ ಅಕ್ಕನ ಆರು ನಂಬರು

ಆ ಮನೆಯಲ್ಲಿ ಚಪ್ಪಲಿ, ಬೂಟುಗಳಿಗೆ ಯಜಮಾನರೇ ಇರಲಿಲ್ಲ. ಬಾಗಿಲ ಪಕ್ಕದ ಹಲಗೆಯ ಮೇಲೆ ಸಾಲಾಗಿ ಇರುತ್ತಿದ್ದವು. ಬೆಳಿಗ್ಗೆ ಮೊದಲು ಹೊರಟವರಿಗೆ ಗಟ್ಟಿಮುಟ್ಟಾದ ಜೊತೆ, ಕೊನೆಗೆ ಹೊರಟವರಿಗೆ ಅವರವರ ಹಣೆಬರಹ. ಎಲ್ಲವೂ ಒಂಬತ್ತು ನಂಬರು, ಏಕೆಂದರೆ ಮಾವನ ಕಾಲು ಒಂಬತ್ತು, ಮಕ್ಕಳಿಬ್ಬರದೂ ಒಂಬತ್ತು. ಕಾಲು ಚಿಕ್ಕದಿದ್ದವರು ಮುಂದೆ ಒಂದಿಷ್ಟು ಬಟ್ಟೆ ತುರುಕಿಕೊಂಡರಾಯಿತು. ಇದು ಅತ್ತೆಯ ಕಾನೂನು. ಮನೆಗೆ ಬಂದದ್ದು ಎಲ್ಲರಿಗೂ ಆಗಬೇಕು, ಒಬ್ಬರಿಗೇ ಆಗುವಂಥದ್ದು ಅಂದರೆ ದುಂದು ಎಂದು ಅವರು ಹೇಳಿಬಿಟ್ಟಿದ್ದರು. ಅತ್ತೆ ಹೇಳಿದ ಮೇಲೆ ಮಾವನೇ ತುಟಿ ಬಿಚ್ಚುತ್ತಿರಲಿಲ್ಲ, ಇನ್ನು ಸೊಸೆಯ ಮಾತೇನು.

ಸೊಸೆಯನ್ನು ಊರೆಲ್ಲ ನಲ್ಲಿ ಅಕ್ಕ ಎಂದು ಕರೆಯುತ್ತಿತ್ತು. ಊರಿನ ಕುಡಿಯುವ ನೀರು ಗುಡ್ಡದ ಮೇಲಿನ ಕೊಳದಿಂದ ಕಬ್ಬಿಣದ ಪೈಪಿನಲ್ಲಿ ಇಳಿದು ಬರುತ್ತದೆ. ಆ ಪೈಪಿನ ಜೊತೆಜೊತೆಗೇ ದಿನವೂ ಹತ್ತಿ ಇಳಿಯುವುದು ಅವಳ ಕೆಲಸ. ಜಾಯಿಂಟುಗಳಲ್ಲಿ ನೀರು ಜಿನುಗುತ್ತಿದೆಯೇ ಎಂದು ಕೈಯಿಟ್ಟು ನೋಡಬೇಕು, ವಾಲ್ವು ಸಡಿಲವಾಗಿದ್ದರೆ ಬಿಗಿ ಮಾಡಬೇಕು, ಕೊಳದ ಬಾಯಿಯ ಜಾಲರಿಗೆ ಕಟ್ಟಿಕೊಂಡ ಎಲೆಗಳನ್ನು ಕೆರೆದು ತೆಗೆಯಬೇಕು. ನಡುವೆ ಒಂದು ಹಳ್ಳ ಅಡ್ಡ ಬರುತ್ತದೆ. ಅದಕ್ಕೆ ಸೇತುವೆಯಿಲ್ಲ, ಇಳಿದೇ ದಾಟಬೇಕು. ಹಿಂದೆ ಈ ಕೆಲಸ ಮಾಡುತ್ತಿದ್ದವರು ನಿವೃತ್ತರಾದಾಗ ಗಂಡಸರೆಲ್ಲ ಗುಡ್ಡ ನೋಡಿ ಹಿಂದೆ ಸರಿದರು, ಇವಳು ಮುಂದೆ ಬಂದಳು. ಅಷ್ಟು ಎತ್ತರದಲ್ಲಿ, ಯಾರೂ ಏನೂ ಕೇಳದ ಜಾಗದಲ್ಲಿ, ಪೈಪಿಗೆ ಕಿವಿಯಿಟ್ಟು ಒಳಗೆ ಹರಿಯುವ ನೀರಿನ ಸದ್ದು ಕೇಳುವುದೆಂದರೆ ಅವಳಿಗೆ ಪ್ರಾಣ. ಮನೆಯಲ್ಲಿ ಬಾಯಿಗಳು ಜಾಸ್ತಿ, ಅದೂ ಒಂದು ಕಾರಣವಿರಬೇಕು.

ಕಳೆದ ಮಳೆಗಾಲ ಮಾತ್ರ ಕಾಲು ಕೈಕೊಟ್ಟಿತು. ಹಳೆಯ ಬೂಟಿನೊಳಗೆ ನೀರು ನುಗ್ಗಿ ದಿನವಿಡೀ ಪಚಪಚ ಎನ್ನುತ್ತಿತ್ತು. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಜಾರಿ ಹೆಬ್ಬೆರಳಿನ ಉಗುರು ಕಪ್ಪಾಯಿತು, ಹಿಮ್ಮಡಿ ಉಜ್ಜಿ ಉಜ್ಜಿ ಹಸಿ ಗಾಯವಾಯಿತು. ಒಂದು ದಿನ ಹಳ್ಳದಲ್ಲೇ ಕಾಲು ಜಾರಿ ಕೂತುಬಿಟ್ಟಳು. ನೀರಿನ ಇಲಾಖೆಯ ಇಂಜಿನಿಯರ್ ಸಾಹೇಬರು ಕೆಟ್ಟವರಲ್ಲ. ಬರುವ ಮಳೆಗಾಲದಲ್ಲೂ ಕಾಲು ಹೀಗೇ ಆದರೆ, ಗುಡ್ಡದ ಬುಡದಲ್ಲಿ ಇಳಿದ ನೀರನ್ನು ಊರಿನ ಟ್ಯಾಂಕಿಗೆ ಏರಿಸುವ ಪಂಪ್ ಹೌಸಿನಲ್ಲಿ ಕುರ್ಚಿ ಹಾಕಿಸಿಕೊಡುತ್ತೇನೆ, ಆರಾಮಾಗಿ ಕೂತು ಮೋಟಾರು ನೋಡಿಕೊಳ್ಳಮ್ಮ ಎಂದರು. ಅವರು ಉಪಕಾರವೆಂದೇ ಹೇಳಿದ್ದು. ಇವಳ ಕಣ್ಣಿಗೆ ಕಂಡದ್ದು ಬೇರೆ. ಕಿಟಕಿಯಿಲ್ಲದ ಒಂದು ಕೋಣೆ, ಗುಂಯ್ ಎನ್ನುವ ಎರಡು ಮೋಟಾರು, ಒಂದು ಕುರ್ಚಿ. ಅದಕ್ಕಿಂತ ಜೈಲು ವಾಸಿ ಎಂದು ಗಂಡನ ಹತ್ತಿರ ಹೇಳಿ ಅತ್ತಳು.

ಗಂಡ ಗೋಡೆಗೆ ಬಣ್ಣ ಬಳಿಯುವವನು, ಮೈಯೆಲ್ಲ ಸುಣ್ಣವಾದರೂ ಮನಸ್ಸು ಶುಭ್ರ. ಮಳೆ ಶುರುವಾಗುವ ಮೊದಲೇ ನೀರು ನುಗ್ಗದ ಒಳ್ಳೆಯ ಬೂಟು ಒಂದು ಜೊತೆ ತರೋಣ ಎಂದ. ಅತ್ತೆಯೂ ಒಪ್ಪಿದರು. ಆದರೆ ವ್ಯಾಪಾರಕ್ಕೆ ತಾವು ಬರದೆ ಈ ಇಬ್ಬರನ್ನೇ ಕಳಿಸಿದರೆ ಅಂಗಡಿಯವನು ಟೋಪಿ ಹಾಕುತ್ತಾನೆಂದು ತಾವೂ ಹೊರಟರು.

ಅಂಗಡಿ ಬೆಟ್ಟ ಹತ್ತುವವರಿಗೂ ಹೊರಗೆ ದುಡಿಯುವವರಿಗೂ ಬೇಕಾದ ಸಾಮಾನಿನದು. ಅಂಗಡಿಯವನ ಬಾಯಿಗೆ ಬೀಗವೇ ಇರಲಿಲ್ಲ. ಸಂಜೆ ಹೊತ್ತು, ದಿನವಿಡೀ ನಡೆದು ಕಾಲು ಊದಿರುವಾಗಲೇ ಬೂಟು ಕೊಳ್ಳಬೇಕು, ಬಹಳ ಒಳ್ಳೆಯ ಹೊತ್ತಿಗೆ ಬಂದಿರಿ ಎಂದ. ತನ್ನ ಊದಿದ ಕಾಲನ್ನು ಹೊಗಳಿದವರನ್ನು ನಲ್ಲಿ ಅಕ್ಕ ಅದೇ ಮೊದಲು ಕಂಡದ್ದು. ಅಟ್ಟೆಯನ್ನು ಅಂಟಿಸಿದ್ದರೆ ಸಾಲದು, ಹೊಲಿದಿರಲೂ ಬೇಕು. ಲೇಸಿನ ಕೆಳಗಿನ ನಾಲಿಗೆ ಎರಡೂ ಬದಿಗೆ ಸೇರಿಕೊಂಡಿರಬೇಕು, ಇಲ್ಲದಿದ್ದರೆ ಹಳ್ಳದ ನೀರು ಅಲ್ಲಿಂದಲೇ ಒಳಗೆ ಇಳಿಯುತ್ತದೆ. ಹೀಗೆ ಹೇಳುತ್ತಾ ಹೇಳುತ್ತಾ ಅವನು ಅವಳ ಪಾದದ ಅಳತೆ ತೆಗೆಯಲು ಹಲಗೆ ತಂದಿಟ್ಟ, ಅವಳು ಅದರ ಮೇಲೆ ಕಾಲಿಟ್ಟಳು.

ಅತ್ತೆಗೆ ಈ ಉಪನ್ಯಾಸ ಬೇಕಿರಲಿಲ್ಲ. ಅವರು ಕಪಾಟಿನಿಂದ ಒಂಬತ್ತು ನಂಬರಿನ ಒಂದು ಜೊತೆ ಇಳಿಸಿದರು. ಬಗ್ಗಿಸಿದರು, ಮೂಸಿದರು, ಅಟ್ಟೆಗೆ ಉಗುರು ಹಾಕಿ ನೋಡಿದರು. ಆಮೇಲೆ ಗಲ್ಲಾಪೆಟ್ಟಿಗೆ ಪಕ್ಕದಲ್ಲಿದ್ದ ಕುಡಿಯುವ ನೀರಿನ ಹೂಜಿ ಎತ್ತಿ ಒಂದು ಬೂಟಿನೊಳಗೆ ಗಳಗಳ ಸುರಿದರು. ಸುರಿದು, ಬೂಟನ್ನು ಎತ್ತಿ ಹಿಡಿದು, ಕೆಳಗಿನಿಂದ ಬಗ್ಗಿ ನೋಡಿದರು.

“ನೋಡು, ಒಂದು ಹನಿ ಹೊರಗೆ ಬರಲಿಲ್ಲ. ಮಾಲು ಚೆನ್ನಾಗಿದೆ,” ಎಂದು ಮಗನಿಗೆ ತೋರಿಸಿದರು.

ಅಂಗಡಿಯವನ ಬಾಯಿ ಆಗ ನಿಂತಿತು. ಸ್ವಲ್ಪ ಹೊತ್ತಿನ ಮೇಲೆ, ಹೊರಗಿನ ನೀರು ಒಳಗೆ ಬರದ ಬೂಟಿನಲ್ಲಿ ಒಳಗಿನ ನೀರೂ ಹೊರಗೆ ಹೋಗುವುದಿಲ್ಲ ತಾಯಿ, ಇದು ಒಣಗಲು ವಾರ ಹಿಡಿಯುತ್ತದೆ, ಬೆಂಕಿಯ ಹತ್ತಿರ ಇಡುವ ಹಾಗೂ ಇಲ್ಲ, ಇದನ್ನಿನ್ನು ಯಾರಿಗೆ ಮಾರಲಿ ಎಂದು ಗೋಳಾಡಿದ. ಮಾನವಂತ ಮಗ ತಲೆ ತಗ್ಗಿಸಿ, ನಾವೇ ತಗೊಳ್ಳುತ್ತೇವೆ ಎಂದುಬಿಟ್ಟ. ತರುವುದು ಒಂದೇ ಜೊತೆ ಎಂದು ಮನೆಯಲ್ಲೇ ತೀರ್ಮಾನವಾಗಿತ್ತು. ಅಲ್ಲಿಗೆ ವ್ಯಾಪಾರ ಮುಗಿದಂತೆ.

ಆದರೆ ಅಳತೆಯ ಹಲಗೆಯ ಮೇಲೆ ನಲ್ಲಿ ಅಕ್ಕನ ಕಾಲು ಇನ್ನೂ ಹಾಗೇ ಇತ್ತು. ಹಲಗೆ ಆರು ತೋರಿಸುತ್ತಿತ್ತು. ಅಂಗಡಿಯವನು ಬೇಜಾರಿನಲ್ಲೇ, ಹಾಕಿ ನೋಡುವುದಕ್ಕೇನೂ ಖರ್ಚಿಲ್ಲವಲ್ಲ ಎಂದು ಆರು ನಂಬರಿನ ಒಂದು ಜೊತೆ ತಂದು, ದಪ್ಪ ಕಾಲುಚೀಲ ಕೊಟ್ಟು, ಲೇಸು ಬಿಗಿದ. ಅಂಗಡಿಯ ಮೂಲೆಯಲ್ಲಿ ಇಳಿಜಾರಾಗಿ ಇಟ್ಟ ಒಂದು ಮರದ ಹಲಗೆಯಿತ್ತು. ಅದರ ಮೇಲೆ ಹತ್ತಿ ಇಳಿಯಿರಿ ಎಂದ.

ಅವಳು ಹತ್ತಿದಳು, ಇಳಿದಳು. ಬೆರಳು ಎಲ್ಲೂ ತಾಗಲಿಲ್ಲ. ಹಿಮ್ಮಡಿ ಇದ್ದಲ್ಲೇ ಇತ್ತು. ಮತ್ತೆ ಹತ್ತಿದಳು, ಮತ್ತೆ ಇಳಿದಳು. ಮದುವೆಯಾದ ಮೇಲೆ ಅವಳು ನಡೆದದ್ದೆಲ್ಲ ಬೂಟು ಒಂದು ಕಡೆ, ಕಾಲು ಒಂದು ಕಡೆ. ಎರಡೂ ಒಟ್ಟಿಗೇ ಹೋಗಬಹುದೆಂಬುದು ಅವಳಿಗೆ ಗೊತ್ತೇ ಇರಲಿಲ್ಲ. ಖುಷಿಯಲ್ಲಿ ಸುತ್ತ ಯಾರಿದ್ದಾರೆಂಬುದನ್ನೂ ಮರೆತಳು. ಆಮೇಲೆ ಅತ್ತೆ ನೋಡುತ್ತಿರುವುದು ಕಂಡು ಬಗ್ಗಿ ಲೇಸು ಬಿಚ್ಚತೊಡಗಿದಳು.

“ಒಂಬತ್ತೇ ಸಾಕು ಅತ್ತೆ. ಬಟ್ಟೆ ತುರುಕಿಕೊಳ್ತೀನಿ,” ಎಂದಳು. ಕೈ ಮಾತ್ರ ಲೇಸಿನ ಗಂಟು ಬಿಚ್ಚಲು ಅವಸರ ಮಾಡಲಿಲ್ಲ.

ಅತ್ತೆ ಪಕ್ಕಕ್ಕೆ ಬಂದು ಸೊಸೆಯ ಬೂಟಿನ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಬಟ್ಟೆ ತುರುಕಿ ತುರುಕಿಯೇ ಪಂಪ್ ಹೌಸ್ ಬಾಗಿಲಿಗೆ ಬಂದು ನಿಂತಿದ್ದೀಯ. ಬಿಚ್ಚಬೇಡ, ಹಾಕಿಕೊಂಡೇ ನಡಿ,” ಎಂದರು. ಆಮೇಲೆ ಅಂಗಡಿಯವನ ಕಡೆ ತಿರುಗಿ, “ನೀರು ಹುಯ್ದೋಳು ನಾನು. ಆ ಒಂಬತ್ತು ನನಗಿರಲಿ, ನನ್ನ ದುಡ್ಡಲ್ಲೇ ತಗೋತೀನಿ,” ಎಂದರು.

ಅಂಗಡಿಯವನ ಮನಸ್ಸು ಕರಗಿತು. ನಿಮಗೇ ಅಂದಮೇಲೆ ನಿಮ್ಮ ಕಾಲೂ ನೋಡಬೇಕಲ್ಲ ತಾಯಿ ಎಂದು ಹಲಗೆಯನ್ನು ಅವರ ಮುಂದೆ ಇಟ್ಟ. ಅತ್ತೆ ಗತ್ತಿನಿಂದ ಕಾಲಿಟ್ಟರು. ಅವನು ಬಗ್ಗಿ ನೋಡಿ, ಐದು ಎಂದ.

ಅತ್ತೆ ನಂಬಲಿಲ್ಲ. ಹಲಗೆ ಸರಿಯಿಲ್ಲ ಎಂದರು. ಇನ್ನೊಂದು ಕಾಲಿಟ್ಟರು, ಅದೂ ಐದು. ಇಡೀ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕ ಕಾಲು ಅವರದೇ. ಕುರ್ಚಿಯ ಮೇಲೆ ಕೂತು ತಮ್ಮ ಪಾದವನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

“ಹಾಗಾದ್ರೆ ಇಷ್ಟು ವರ್ಷ ನಾನು ಯಾರ ಕಾಲಲ್ಲಿ ನಡೆದೆ?”

ಮೊದಲು ನಕ್ಕಿದ್ದು ಅತ್ತೆಯೇ. ಆಮೇಲೆ ಸೊಸೆಗೂ ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಅಂಗಡಿಗೆ ಬಂದ ಬೇರೆ ಗಿರಾಕಿಗಳು ನಿಂತು ನೋಡಿದರು. ಕೊನೆಗೆ ಒದ್ದೆ ಬೂಟನ್ನು ಅಂಗಡಿಯವನು ತಾನೇ ಇಟ್ಟುಕೊಂಡ, ಅವನ ಕಾಲೂ ಒಂಬತ್ತೇ ಆಗಿತ್ತು. ಅತ್ತೆ ತಮ್ಮ ದುಡ್ಡಿನಲ್ಲಿ ಐದು ನಂಬರಿನ ಒಂದು ಜೊತೆ ಕೊಂಡರು. ಮಗ ಎರಡು ಡಬ್ಬ ಹೊತ್ತು ಹಿಂದೆ ನಡೆದ.

ಮಳೆಗಾಲ ಬಂತು, ಹಳ್ಳ ತುಂಬಿತು. ಇಂಜಿನಿಯರ್ ಸಾಹೇಬರು ಒಂದು ಬೆಳಿಗ್ಗೆ ನಲ್ಲಿ ಅಕ್ಕನ ಕಾಲು ಹೇಗಿದೆಯೆಂದು ವಿಚಾರಿಸಲು ಪಂಪ್ ಹೌಸಿಗೆ ಬಂದರು. ಕುರ್ಚಿಯನ್ನೂ ಗಾಡಿಯಲ್ಲಿ ತಂದಿದ್ದರು. ಅಷ್ಟರಲ್ಲಿ ಪೈಪಿನ ಪಕ್ಕದ ದಾರಿಯಲ್ಲಿ ಇಬ್ಬರು ಹೆಂಗಸರು ಕೊಡೆ ಹಿಡಿದು ಇಳಿದು ಬರುವುದು ಕಂಡಿತು. ಮುಂದೆ ನಲ್ಲಿ ಅಕ್ಕ. ಹಿಂದೆ ಅತ್ತೆ, ಇಷ್ಟು ದಿನ ಕುಡಿದ ನೀರು ಎಲ್ಲಿಂದ ಬರುತ್ತದೆಂದು ಹಳ್ಳದ ತನಕವಾದರೂ ನೋಡಿ ಬರಲು ಹಟ ಮಾಡಿ ಹೋಗಿದ್ದವರು. ಅಲ್ಲಿಗೂ ಹೋಗಿ ವಾಲ್ವು ಹೇಗೆ ತಿರುಗಿಸಬೇಕೆಂದು ಸೊಸೆಗೆ ಪಾಠ ಹೇಳಿ ಬಂದಿದ್ದರು.

ಕಾಲು ಈಗ ಹೇಗಿದೆಯಮ್ಮ ಎಂದು ಸಾಹೇಬರು ಕೇಳಿದ್ದು ಸೊಸೆಯನ್ನು. ಉತ್ತರ ಕೊಟ್ಟದ್ದು ಅತ್ತೆ.

“ಅವಳ ಕಾಲು ಈಗ ಅವಳ ಹತ್ತಿರವೇ ಇದೆ ಸಾರ್. ಕುರ್ಚಿ ವಾಪಸ್ ತಗೊಂಡು ಹೋಗಿ.”

ನಲ್ಲಿ ಅಕ್ಕ ಕೊಡೆಯ ಮರೆಯಲ್ಲಿ ನಕ್ಕಳು. ಅತ್ತೆಯನ್ನು ಮನೆಯ ದಾರಿಗೆ ಹತ್ತಿಸಿ, ಕೊಳದ ಜಾಲರಿ ನೋಡಲು ಮತ್ತೆ ಗುಡ್ಡ ಹತ್ತಿದಳು.