ಕೆರೆಗೆ ಒಬ್ಬನೇ ಹೋಗು ಅಂದಿದ್ದೆ

ತಮ್ಮನ ಚಪ್ಪಲಿ ಸಿಕ್ಕಿತು. ತಮ್ಮ ಸಿಗಲಿಲ್ಲ.

ಕಳೆದ ಭಾನುವಾರ, ಬೆಳಿಗ್ಗೆ ಏಳೂವರೆ. ಮಾಕಳಿದುರ್ಗದ ಕಡೆಗಿನ ಒಂದು ಕೆರೆ ಏರಿಯ ಮೇಲೆ ನಿಂತಿದ್ದೇನೆ. ಚಾಚಿದ ಕೈ ಕಾಣದಷ್ಟು ಮಂಜು. ಚಪ್ಪಲಿ ಎರಡನ್ನೂ ಜೋಡಿಸಿ, ನೀರಿನ ಕಡೆ ಮುಖ ಮಾಡಿ ಬಿಟ್ಟಿದ್ದ. (ಮನೆಯಲ್ಲಿ ಒಂದು ದಿನವೂ ಜೋಡಿಸಿ ಬಿಟ್ಟವನಲ್ಲ.)

ಅವನನ್ನು ಅಲ್ಲಿಗೆ ಕಳಿಸಿದ್ದು ನಾನೇ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್ ಮಗ್ಗ ನಡೆಸುವ ತಮ್ಮ ಚಳಿ ಶುರುವಾದಾಗಿನಿಂದ ಮಂಕಾಗಿದ್ದ. ಊಟ ಸೇರದು, ನಿದ್ದೆ ಬಾರದು. ಚಳಿಗಾಲದಲ್ಲಿ ಮನಸ್ಸು ಕುಗ್ಗಿದರೆ ಗಿಡಮರ, ಎಳೆಬಿಸಿಲು, ವಾಕಿಂಗ್ ಎಂದು ಹದಿನೈದು ದಿನದ ಹಿಂದೆ ಇದೇ ಅಂಕಣದಲ್ಲಿ ನಿಮಗೆಲ್ಲ ಉಪದೇಶ ಮಾಡಿದ್ದೆನಲ್ಲ? ಅದನ್ನೇ ಅವನಿಗೂ ಒಪ್ಪಿಸಿದ್ದೆ. "ಒಬ್ನೇ ಹೋಗು ಕಣೋ. ಫೋನ್ ಮನೇಲೇ ಬಿಡು. ಮಗ್ಗದ ಸದ್ದಿಲ್ದಿರೋ ಕಡೆ ಸುಮ್ನೆ ಕೂತ್ಕೋ."

ಅಣ್ಣನ ಮಾತು ಮೀರುವವನಲ್ಲ. ಐದೂವರೆಗೆ ಹೋದವನು ಇನ್ನೂ ಬಂದಿಲ್ಲ ಎಂದು ಅವನ ಹೆಂಡತಿ ನನಗೆ ಫೋನ್ ಮಾಡಿದಳು.

ಕೂಗಬೇಕಿತ್ತು ತಾನೇ? ನಾನು ಕೂಗಲಿಲ್ಲ. ಕೈ ಎತ್ತಿ ಬೀಸಿದೆ. ಮಗ್ಗದ ಮನೆಯಲ್ಲಿ ಬೆಳೆದವರು ನಾವು. ಆ ಗದ್ದಲದಲ್ಲಿ ಗಂಟಲು ಹರಿದುಕೊಂಡರೂ ಯಾರಿಗೂ ಕೇಳದು. ಒಬ್ಬರನ್ನೊಬ್ಬರು ಕರೆಯುವುದೇ ಕೈಸನ್ನೆಯಲ್ಲಿ. ಭಯವಾದಾಗಲೂ ಕೈಗೆ ಅದೇ ಅಭ್ಯಾಸ. ಮಂಜಿನಲ್ಲಿ ಅದನ್ನು ಯಾರು ನೋಡಬೇಕು? ಪೆದ್ದನ ಹಾಗೆ ಬೀಸುತ್ತಲೇ ಇದ್ದೆ.

ಆಗ ಕೇಳಿಸಿತು. ಟಕ್, ಟಕ್, ಟಕ್, ಟಕ್.

ಮಗ್ಗ. ಅದೂ ನೀರಿನ ಕಡೆಯಿಂದ. ಸುತ್ತಮುತ್ತ ಮಗ್ಗವಿರಲಿ, ಒಂದು ಮನೆಯೂ ಇಲ್ಲ. ನಿಜ ಹೇಳುತ್ತೇನೆ, ಓಡಿಹೋಗೋಣ ಅನ್ನಿಸಿತು. ಹೇಗೋ ಧೈರ್ಯ ಮಾಡಿ ಸದ್ದಿನ ಜಾಡು ಹಿಡಿದು ಮೆಟ್ಟಿಲಿಳಿದೆ.

ಕೊನೆಯ ಮೆಟ್ಟಿಲಿನಲ್ಲಿ ತಮ್ಮ ಕೂತಿದ್ದ. ಮೊಣಕಾಲವರೆಗೆ ನೀರು. ಕಲ್ಲಿನ ಮೇಲೆ ಕಲ್ಲು ಕುಟ್ಟುತ್ತಿದ್ದ.

"ಏನೋ ಮಾಡ್ತಿದೀಯ?"

"ಸದ್ದು ಮಾಡ್ತಿದೀನಿ ಅಣ್ಣ. ನಿಲ್ಸಿದ್ರೆ ನೀರು ಕರೆಯುತ್ತೆ."

"ಏನಂತ?"

"ಬಾ ಅಂತ."

ಪಕ್ಕದಲ್ಲಿ ಕೂತು ಅವನ ತೋಳು ಹಿಡಿದುಕೊಂಡೆ. ಕಲ್ಲು ಕೆಳಗಿಟ್ಟ. (ಆ ನಿಶ್ಶಬ್ದಕ್ಕೆ ನಾನೂ ಒಮ್ಮೆ ಕಿವಿಗೊಟ್ಟೆ. ಏನು ಕೇಳಿಸಿತು ಎಂದು ಇಲ್ಲಿ ಬರೆಯಲಾರೆ.)

"ಈಗ್ಲೂ ಕರೀತಿದ್ಯಾ?" ಎಂದೆ.

"ಇಲ್ಲ. ನೀನು ಏದುಸಿರು ಬಿಡೋದೊಂದೇ ಕೇಳಿಸ್ತಿದೆ."

ಬಿಸಿಲು ಬರುವವರೆಗೂ ತೋಳು ಬಿಡಲಿಲ್ಲ. ಅಲ್ಲಿಂದ ನೇರ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ವಾಕಿಂಗೂ ಇರಲಿ ಎಂದಿದ್ದಾರೆ. ಹೋಗುತ್ತಿದ್ದೇವೆ, ಇಬ್ಬರೂ. ನಿನ್ನೆ ಎರಡು ಇಡ್ಲಿ ಜಾಸ್ತಿಯೇ ತಿಂದ. ಮರ, ಬಿಸಿಲು, ಕೆರೆ, ಇವುಗಳ ಮೇಲೆ ನನಗೆ ಕೋಪವಿಲ್ಲ. ಕೋಪವೆಲ್ಲ ನನ್ನ ಬಿಟ್ಟಿ ಉಪದೇಶದ ಮೇಲೆ.

ಮನಸ್ಸು ಸರಿಯಿಲ್ಲದವರು ಹೊರಗೆ ಹೊರಟಾಗ "ತಾಳು, ನಾನೂ ಬಂದೆ" ಅನ್ನಲು ನಮಗೇನು ಧಾಡಿ?