ಯಂಕವ್ವನ ಉಡಿಗೆ ಬಿದ್ದ ಲಕೋಟೆ

ದುಂಡಸಿಯ ಯಂಕವ್ವನ ಪಕ್ಕ ಬಸ್ಸಿನಲ್ಲಿ ಕುಳಿತವರು ಶಿಗ್ಗಾಂವ ಮುಟ್ಟುವುದರೊಳಗೆ ತಮ್ಮ ಮನೆತನ, ಬೀಗರು, ಎಮ್ಮೆ ಕೊಡುವ ಹಾಲು ಎಲ್ಲವನ್ನೂ ಒಪ್ಪಿಸಿಯೇ ಇಳಿಯಬೇಕು. ಇದು ಕೆಟ್ಟ ಚಾಳಿ ಎಂದು ಗಂಡ ಗೋಣೆಪ್ಪ ಹೇಳಿ ಹೇಳಿ ಸೋತಿದ್ದಾನೆ. ಅವನು ಏನಾದರೂ ಅನ್ನಲಿ, ಸವಣೂರಿನ ಕಾಳಿನ ವ್ಯಾಪಾರಿ ಪರಮೇಶ್ವರಪ್ಪನವರ ಮೊಮ್ಮಗಳು ಅಂಕಿತಾ ಬದುಕಿ ಮನೆಗೆ ಬಂದದ್ದು ಈ ಚಾಳಿಯಿಂದಲೇ.

ಅವತ್ತು ಶಿಗ್ಗಾಂವ ಬಸ್ಸು ಹತ್ತಿದ ಒಬ್ಬಾತನ ಬಗಲಲ್ಲಿ ಪುಟ್ಟ ಹುಡುಗಿಯಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು. ಆತ ಬಾಳೆಹಣ್ಣು ತಿನ್ನಿಸಲು ನೋಡುತ್ತಿದ್ದ, ಹುಡುಗಿ ಬಾಯಿ ಬಿಗಿಹಿಡಿದಿದ್ದಳು. ಯಂಕವ್ವ ಹತ್ತಿರ ಸರಿದಳು.

“ಕೂಸಿನ ಅವ್ವ ಎಲ್ಲಿ ಅದಾಳಪ್ಪಾ?”

“ತವರಿಗೆ ಹೋಗ್ಯಾಳ್ರಿ. ಹಾವೇರಿಗೆ.”

“ಹಾವೇರಿಯಾಗ ಯಾರ ಪೈಕಿ?”

ಆತ ತಡವರಿಸಿದ. ಕೂಸಿನ ಮೊದಲ ಕೂದಲು, ಜವಳ, ಎಲ್ಲಿ ತೆಗೆಸಿದಿರಿ ಎಂದಳು. ಆತ ಕಿಟಕಿ ನೋಡಿದ. ತೊಟ್ಟಿಲಿಗೆ ಹಾಕಿದಾಗ ಕಿವಿಯಲ್ಲಿ ಹೆಸರು ಹೇಳಿದ ಸೋದರತ್ತೆ ಯಾರು ಎಂದಳು. ತನ್ನ ಸ್ವಂತ ಅಕ್ಕತಂಗಿಯ ಹೆಸರು ಹೇಳಲು ಯಾವ ತಂದೆಗೆ ಕಷ್ಟ? ಆತನ ಹಣೆಯಲ್ಲಿ ಬೆವರು ಬಂತು. ಯಂಕವ್ವ ಹುಡುಗಿಯನ್ನು ಎಳೆದು ತನ್ನ ತೊಡೆಯ ಮೇಲೆ ಕೂರಿಸಿಕೊಂಡವಳೇ ಕೂಗಿದಳು: “ಡ್ರೈವರಣ್ಣ, ಬಸ್ಸು ಸೀದಾ ಪೊಲೀಸ್ ಠಾಣೇಕ ಹೊಡಿ.”

ಹಾರಲು ನೋಡಿದವನನ್ನು ಬಸ್ಸಿನವರು ಹಿಡಿದರು. ಸಂಜೆಯೊಳಗೆ ಅಂಕಿತಾ ತಾಯಿಯ ಮಡಿಲು ಸೇರಿದಳು. ಪರಮೇಶ್ವರಪ್ಪನವರು ಸವಣೂರಿನಲ್ಲೂ ದುಂಡಸಿಯಲ್ಲೂ ಮನೆಮನೆಗೆ ಖಾರ, ಪೇಢೆ ಹಂಚಿಸಿದರು. ಗೋಣೆಪ್ಪ ಕೂಡ ಎದೆಯುಬ್ಬಿಸಿ ತಿರುಗಿದ, ಚಾಳಿ ತಾನೇ ಕಲಿಸಿದವನ ಹಾಗೆ.

ಎರಡು ದಿನಕ್ಕೆ ಹುಬ್ಬಳ್ಳಿಯಿಂದ ಟಿವಿಯ ನೀಲಾಂಬಿಕಾ ಬಂದಳು. ಹೊಸದಾಗಿ ಮದುವೆಯಾದ ಹುಡುಗಿ, ಕೈತುಂಬ ಹಸಿರು ಬಳೆ. ಯಂಕವ್ವ ನಡೆದದ್ದೆಲ್ಲ ಹೇಳಿದಳು, ಕೇಳದಿದ್ದದ್ದನ್ನೂ ಹೇಳಿದಳು. ಹೊರಡುವಾಗ ಹುಡುಗಿ ಒಂದು ಲಕೋಟೆ ಚಾಚಿದಳು.

“ಇದು ಯಾತಕ್ಕವ್ವ?”

“ಮಾತಾಡಿದ್ದಕ್ಕರಿ. ನಮ್ಮ ಆಫೀಸಿನವರು ಕೊಟ್ಟಾರ.”

“ಮಾತಾಡಿದ್ರ ರೊಕ್ಕ ಕೊಡ್ತಾರೇನ? ನಮ್ಮ ಮನಿಯವರು ಸುಮ್ಮನಿದ್ರ ಕೊಡ್ತೇನಿ ಅಂತಾರ,” ಎಂದು ನಕ್ಕು ಯಂಕವ್ವ ಲಕೋಟೆಯನ್ನು ಅವಳ ಚೀಲಕ್ಕೇ ತುರುಕಿದಳು.

ಮರುದಿನ ಹುಡುಗಿ ಮತ್ತೆ ಬಂದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಒಂದು ಕುಪ್ಪಸದ ಖಣ. “ಮಗಳಂತ ತಿಳಕೊಂಡು ಉಡಿ ತುಂಬಿಸ್ಕೋರಿ ಅವ್ವಾರ,” ಎಂದಳು. ಹೆಣ್ಣುಮಕ್ಕಳಿಲ್ಲದ ಯಂಕವ್ವ ಕರಗಿಹೋದಳು. ಮಣೆಯ ಮೇಲೆ ಕುಳಿತು ಸೆರಗು ಒಡ್ಡಿದಳು. ಹುಡುಗಿ ಹೋದ ಮೇಲೆ ದೇವರ ಜಗುಲಿಯ ಮುಂದೆ ಉಡಿ ಸುರುವಿದರೆ ಅಕ್ಕಿಯ ಜೊತೆ ಅದೇ ಲಕೋಟೆ ಬಿತ್ತು.

ತುಂಬಿದ ಉಡಿಯನ್ನು ಒಲ್ಲೆ ಎಂದು ಕಳಿಸಿದರೆ ತುಂಬಿದವಳ ಸಂಸಾರಕ್ಕೆ ಒಳ್ಳೆಯದಲ್ಲ. ಹಸಿರು ಬಳೆ ಹುಡುಗಿಗೆ ಯಂಕವ್ವ ಅದನ್ನು ಮಾಡುವವಳಲ್ಲ. ಲಕೋಟೆಯನ್ನು ಒಡೆಯದೆ ಜಗುಲಿಯ ಮೇಲಿಟ್ಟಳು. ಗೋಣೆಪ್ಪ ಅದನ್ನು ಬಿಸಿಲಿಗೆ ಹಿಡಿದು ನೋಡಲು ಹೋಗಿ ಕೈಮೇಲೆ ಏಟು ತಿಂದ.

ಆಮೇಲೆ ಬೆಂಗಳೂರಿನಿಂದ ಫೋನು. ಚಾನೆಲ್ಲಿನ ದೊಡ್ಡವರಂತೆ. “ನಮ್ಮ ದುಡ್ಡು ತಗೊಂಡಿದೀರ ಅಮ್ಮ, ಬೇರೆಯವರ ಹತ್ರ ಮಾತಾಡಬೇಡಿ. ಮುಂದಿನ ಸಲ ಅವನ ಕೈಯಲ್ಲಿ ಚಾಕು ಇತ್ತು ಅಂತ ಒಂದು ಮಾತು ಸೇರಿಸಿ.”

“ಬಾಳಿಹಣ್ಣಿತ್ರಿ.”

“ಚಾಕು ಅಂದ್ರೆ ಏನು ಹೋಗುತ್ತೆ?”

ಯಂಕವ್ವ ಫೋನು ಕೆಳಗಿಟ್ಟಳು. ಚಾನೆಲ್ಲಿನವರು ಚಾಕನ್ನು ತಾವೇ ಸೇರಿಸಿ ತೋರಿಸಿದರು.

ಸುದ್ದಿ ನಿಲ್ಲುತ್ತದೆಯೇ? ಬಸ್ ನಿಲ್ದಾಣದ ಜಾಹೀದನ ಚಹಾದಂಗಡಿಯಲ್ಲಿ ಲಕೋಟೆ ದಿನಾ ದಪ್ಪವಾಗುತ್ತ ಹೋಯಿತು. ಗಿರಿಯಪ್ಪ ಎಂಬ ಹಿರಿಯ, ಊರಿನ ಯಾವ ವ್ಯಾಜ್ಯಕ್ಕೂ ಬಾಯಿ ಹಾಕದೆ ಬಿಡದವನು, ಕಪ್ಪಿನ ಚಹಾ ಬಸಿಗೆ ಸುರುವಿಕೊಂಡು ಹೇಳಿದ: “ಟಿವಿಯವರ ರೊಕ್ಕ ತಿಂದಾಕಿ ಸಾಕ್ಷಿ ಕೋರ್ಟಿನಾಗ ನಿಂದರೂದಿಲ್ಲ.”

“ಕೂಸು ಕಸಗೊಂಡಾಗ ಬಸ್ಸಿನಾಗ ಯಾವ ಟಿವಿ ಇತ್ತೋ ಮಾರಾಯಾ?” ಎಂದ ಜಾಹೀದ.

“ಅದು ನಿನಗ ನನಗ ಗೊತ್ತು. ಜಡ್ಜ್ ಸಾಹೇಬರಿಗೆ?”

ಬಾಯಿ ದೊಡ್ಡದಾದರೂ ಗಿರಿಯಪ್ಪ ಹೇಳಿದ್ದು ಸುಳ್ಳಲ್ಲ. ಸರಕಾರಿ ವಕೀಲರು ಕರೆಸಿ ಅದನ್ನೇ ಹೇಳಿದರು. ಬಸ್ಸಿನ ಉಳಿದವರು ನೋಡಿದ್ದು ಹಿಡಿದಾಟ ಮಾತ್ರ. ಆತ ಮಗುವನ್ನು ತನ್ನದೆಂದು ಹೇಳಿಕೊಂಡದ್ದನ್ನು ಕೇಳಿದವಳು ಯಂಕವ್ವ ಒಬ್ಬಳೇ. ಅವಳ ಮಾತು ದುಡ್ಡಿಗೆ ಆಡಿದ್ದು ಎಂದಾದರೆ ಆತ ಬಿಡುಗಡೆಯಾಗಿ ಸವಣೂರಿನ ಬೀದಿಯಲ್ಲೇ ತಿರುಗಬಹುದು. ಅವತ್ತು ಯಂಕವ್ವ ರೊಟ್ಟಿಯ ತಾಟನ್ನು ಹಾಗೇ ಸರಿಸಿದಳು. ಬಹಳ ಹೆದರಿದಳು, ತನಗಾಗಿ ಅಲ್ಲ, ಅಂಕಿತಾಳಿಗಾಗಿ.

ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ದಾರಿ ಹೊಳೆಯಿತು. ಬಂದ ಉಡಿಯನ್ನು ಒಲ್ಲೆ ಅನ್ನುವಂತಿಲ್ಲ, ಸರಿ. ಆದರೆ ತವರಿಗೆ ಬಂದ ಮಗಳನ್ನು ಬರಿಯ ಉಡಿಯಲ್ಲಿ ಕಳಿಸುವಂತೆಯೂ ಇಲ್ಲವಲ್ಲ! ಹಿಟ್ಟಿನ ಕೈಯಲ್ಲೇ ಫೋನು ಹಚ್ಚಿದಳು.

“ನೀಲಾ, ತವರಮನಿಗೆ ಬಂದಂಗ ಬಾ. ಕ್ಯಾಮೆರಾನೂ ತಗೊಂಡು ಬಾ.”

ಹೋಳಿಗೆ ಊಟ ಮಾಡಿಸಿದಳು. ಓಣಿಯ ಹೆಂಗಸರನ್ನೆಲ್ಲ ಕರೆದಳು, ಗಿರಿಯಪ್ಪನನ್ನೂ ಕರೆದು ಕಟ್ಟೆಯ ಮೇಲೆ ಮುಂದಕ್ಕೇ ಕೂರಿಸಿದಳು. ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ ಅರಿಸಿನ ಕುಂಕುಮ ಹಚ್ಚಿ, ಸೆರಗಿಗೆ ಅಕ್ಕಿ, ಕೊಬ್ಬರಿ, ಹೊಸ ಖಣ ಹಾಕಿ, ಎಲ್ಲದರ ಮೇಲೆ ಆ ಲಕೋಟೆ ಇಟ್ಟಳು. ಅಂಟು ಬಿಚ್ಚಿರಲಿಲ್ಲ. ಗಿರಿಯಪ್ಪ ಎದ್ದು ಬಂದು ಕನ್ನಡಕ ಏರಿಸಿ ನೋಡಿ ಕೂತ.

“ಅವ್ವಾರ, ಇದನ್ನ ನಾ ಹೆಂಗ...”

“ಉಡಿ ಬ್ಯಾಡ ಅನಬಾರದವ್ವ. ನೀನೇ ಕಲಿಸೀದಿ.”

ಹುಡುಗಿಯ ಮುಖ ಕೆಂಪಾಯಿತು. ಅವಳು ಉಡಿ ಹಿಡಿದುಕೊಂಡೇ ಕ್ಯಾಮೆರಾದ ಕಡೆ ತಿರುಗಿದಳು. ಹಣ ತಮ್ಮ ಚಾನೆಲ್ಲಿನದು, ಬೇಡ ಎಂದವರಿಗೆ ಗೊತ್ತಾಗದಂತೆ ಅಕ್ಕಿಯಲ್ಲಿ ಇಟ್ಟವಳು ತಾನು ಎಂದು ನೆಟ್ಟಗೆ ಹೇಳಿದಳು. ಚಾನೆಲ್ಲು ಅದನ್ನು ತೋರಿಸಲಿಲ್ಲ. ಆದರೆ ಓಣಿಯವರ ಕೈಯಲ್ಲೂ ಮೊಬೈಲು ಇದ್ದವು, ಸಂಜೆಗೆ ಮೂರು ತಾಲೂಕು ನೋಡಿತು. ನೀಲಾಂಬಿಕಾ ಆ ಕೆಲಸ ಬಿಟ್ಟು ಒಂದು ಪತ್ರಿಕೆ ಸೇರಿದಳು, ಯಂಕವ್ವನನ್ನು ಅವ್ವ ಎನ್ನುವುದನ್ನು ಬಿಡಲಿಲ್ಲ.

ಹಾವೇರಿ ಕೋರ್ಟಿನಲ್ಲಿ ಆರೋಪಿಯ ವಕೀಲರು ಕಾದಿದ್ದವರಂತೆ ಕೇಳಿದರು: “ಟಿವಿಯವರು ನಿಮಗೆ ಹಣ ಕೊಟ್ಟದ್ದು ನಿಜವೇ?”

“ಖರೇರಿ.”

“ಎಷ್ಟು?”

“ಗೊತ್ತಿಲ್ರಿ. ಉಡಿ ಯಾರರ ಎಣಸ್ತಾರೇನ್ರಿ? ಊರ ಮುಂದ ಅವರ ಹುಡುಗಿ ಉಡಿಗೇ ತುಂಬಿ ಕಳಿಸೇನಿ.”

ಹಿಂದಿನ ಬೆಂಚಿನವರು ನಕ್ಕರು. ವಕೀಲರು ಮಾತು ಹೊರಳಿಸಿದರು. “ಆತನ ಕೈಯಲ್ಲಿ ಆಯುಧವಿತ್ತು ಎಂದು ಟಿವಿಯಲ್ಲಿ ತೋರಿಸಿದರಲ್ಲ. ಇತ್ತೇ?”

ಇತ್ತು ಎಂದರೆ ಆತನಿಗೆ ಶಿಕ್ಷೆ ಹೆಚ್ಚಾದೀತು. ಯಂಕವ್ವ ಅಂಕಿತಾಳ ತಾಯಿಯ ಕಡೆ ನೋಡಿದಳು, ಆಮೇಲೆ ನ್ಯಾಯಾಧೀಶರ ಕಡೆ.

“ಇರ್ಲಿಲ್ರಿ. ಅದು ಅವರು ಕಟ್ಟಿದ್ದು. ನಾ ಕಂಡಿದ್ದು ಬಾಳಿಹಣ್ಣು.”

ಸರಕಾರಿ ವಕೀಲರು ಕಣ್ಣು ಮುಚ್ಚಿಕೊಂಡರು. ಆದರೆ ತೀರ್ಪಿನ ದಿನ ನ್ಯಾಯಾಧೀಶರು ಅದೇ ಮಾತನ್ನು ಹಿಡಿದು ಹೇಳಿದರು: ಆರೋಪಿಗೆ ಅನುಕೂಲವಾಗುವುದನ್ನೂ ಮುಚ್ಚಿಡದ ಈ ಹೆಂಗಸಿನ ಉಳಿದ ಮಾತನ್ನು ನಂಬದಿರಲು ಕಾರಣವಿಲ್ಲ. ಆತ ಜೈಲಿಗೆ ಹೋದ.

ಅಂಕಿತಾಳ ತಾಯಿ ಯಂಕವ್ವನನ್ನು ಬಿಡದೆ ಸವಣೂರಿಗೆ ಕರೆದೊಯ್ದಳು. ಅಷ್ಟು ತಿಂಗಳು ಮಗಳನ್ನು ಹೊಸ್ತಿಲು ದಾಟಲು ಬಿಡದವಳು ಅವತ್ತು ತಲಬಾಗಿಲು ತೆರೆದಿಟ್ಟು, “ಹೋಗು, ಆಡು,” ಎಂದಳು. ಅಂಕಿತಾ ನಂಬಲಾರದೆ ಒಮ್ಮೆ ತಾಯಿಯನ್ನು ನೋಡಿ ಬೀದಿಗೆ ಓಡಿದಳು. ಯಂಕವ್ವ ಕಟ್ಟೆಯ ಮೇಲೆ ಕುಳಿತು ನೋಡುತ್ತ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.