ತಿದಿ ಇಲ್ಲದ ಪೇಟಿಯಲ್ಲಿ ಐರಣಿ ಗುಡ್ಡ

ನಮ್ಮಪ್ಪ ರಾಣೆಬೆನ್ನೂರಿನ ಪೇಟಿ ಮಾಸ್ತರ. ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಎಂಬತ್ತರ ದಶಕದ ಕೊನೆಗೆ ಅವನ ಎಡ ಭುಜ ಹಿಡಿದುಕೊಂಡು ಕೈ ಎತ್ತಲಾರದಂತಾಯಿತು. ಪೇಟಿಗೆ ಎರಡೂ ಕೈ ಬೇಕು. ಬಲಗೈ ಬಾರಿಸಿದರೆ ಎಡಗೈ ಹಿಂದಿನ ತಿದಿ ಒತ್ತಿ ಗಾಳಿ ತುಂಬಬೇಕು. ಆ ಎಡಗೈ ಕೆಲಸ ಕಾಲೇಜು ಓದುತ್ತಿದ್ದ ನನ್ನ ಪಾಲಿಗೆ ಬಂತು. ಸೋಮವಾರದ ಭಜನೆಯಲ್ಲಿ ಅಪ್ಪನ ಎದುರು ಕೂತು ಒತ್ತುತ್ತಿದ್ದೆ. ಗಾಳಿ ನನ್ನದು, ಹೆಸರು ಅವನದು. ನನಗೂ ಬಾರಿಸಲು ಕಲಿಸು ಎಂದರೆ ಒಂದೇ ಉತ್ತರ.

"ಮೊದಲ ಒತ್ತೂದು ಕಲಿ."

ಮೂರು ವರ್ಷ ಒತ್ತಿದೆ. ಅವನ ಬೆರಳುಗಳನ್ನು ಎದುರಿನಿಂದ ತಿರುವುಮುರುವಾಗಿ ನೋಡುತ್ತಲೇ ಸ್ವರಗಳನ್ನು ಕದ್ದು ಕಲಿತೆ. ಬಾರಿಸಬೇಕೆಂಬ ಆಸೆ ಎಷ್ಟಿತ್ತೆಂದರೆ ಊಟದ ತಾಟಿನ ಅಂಚಿನ ಮೇಲೂ ಬೆರಳಾಡುತ್ತಿತ್ತು.

ಪೇಟೆಯಲ್ಲಿ ಒಬ್ಬ ಚಾಚಾ ಕ್ಯಾಸೆಟ್ ಅಂಗಡಿ ಇಟ್ಟಿದ್ದರು. ಪಟ್ಟಿ ಬರೆದು ಕೊಟ್ಟರೆ ಖಾಲಿ ಕ್ಯಾಸೆಟ್ಟಿಗೆ ಆ ಹಾಡುಗಳನ್ನು ತುಂಬಿ ಕೊಡುವರು. ಕೊನೆಗೆ ಟೇಪು ಉಳಿದರೆ ಅದನ್ನು ಖಾಲಿ ಬಿಡಲು ಅವರಿಗೆ ಜೀವ ಒಪ್ಪುತ್ತಿರಲಿಲ್ಲ, ತಮಗೆ ಇಷ್ಟವಾದದ್ದೇನನ್ನೋ ಹಾಕಿಬಿಡುತ್ತಿದ್ದರು. ಅಪ್ಪನಿಗಾಗಿ ತಂದ ವಚನಗಳ ಕ್ಯಾಸೆಟ್ಟಿನ ಕೊನೆಗೆ ಹೀಗೇ ಏನೋ ಶುರುವಾಯಿತು. ಹಾಡಿಲ್ಲ, ತಬಲಾ ಇಲ್ಲ. ಮಂದ್ರದಲ್ಲಿ ಒಂದು ಸ್ವರ, ಅದರ ಮೇಲೊಂದು, ಅದರ ಮೇಲೆ ಮತ್ತೊಂದು ಸಾವಕಾಶ ಏರುತ್ತ ಹೋದವು. ಯಾವುದೂ ನಿಲ್ಲಲಿಲ್ಲ. ಇಷ್ಟುದ್ದ ಸ್ವರಕ್ಕೆ ಗಾಳಿ ಹಾಕುವ ಪುಣ್ಯಾತ್ಮ ಯಾರು ಎಂಬುದೇ ನನಗೆ ಮೊದಲು ಹೊಳೆದದ್ದು.

ಮರುದಿನ ಅಂಗಡಿಗೆ ಓಡಿದೆ.

"ಅದು ಪರದೇಶದ್ದು ಬೇಟಿ," ಎಂದರು ಚಾಚಾ. "ಬರ್ಫಿನ ಗುಡ್ಡ ನೋಡಿ ಮಶಿನ್‌ನ್ಯಾಗ ಮಾಡ್ಯಾರಂತ. ಗಾಳಿ ಗೀಳಿ ಏನೂ ಬೇಕಾಗಿಲ್ಲ, ಕರೆಂಟ್ ಸಾಕು."

ಹಾವೇರಿಯ ಆರ್ಕೆಸ್ಟ್ರಾದವರು ಮಾರಿದ ಹಳೆಯ ಕೀಬೋರ್ಡೊಂದು ಅವರ ಅಂಗಡಿಯಲ್ಲೇ ಇತ್ತು. ನಾನು ಅದನ್ನು ನೋಡಿದ ರೀತಿಗೇ ಅವರು ಕರಗಿರಬೇಕು.

"ಗುರುವಾರ ಬ್ಯಾಡಗಿಯವರು ಬಂದು ಒಯ್ತಾರ. ಅಲ್ಲೀತನಕ ಬಾರಸು, ಒಯ್ಯಿ."

ಅಪ್ಪ ಬಾಗಿಲಲ್ಲೇ ತಡೆದ. "ಉಸಿರಿಲ್ಲದ್ದು ಅದು. ಒಳಗ ತರಬ್ಯಾಡ."

ಒಳಗೆ ಬೇಡವೆಂದನೇ ಹೊರತು ಮೇಲೆ ಬೇಡ ಎನ್ನಲಿಲ್ಲ. ಬ್ಯಾಟರಿ ಹಾಕಿಕೊಂಡು ಮಾಳಿಗೆ ಹತ್ತಿದೆ. ಬರ್ಫನ್ನು ನಾನು ಕಂಡದ್ದು ಐಸ್‌ಕ್ಯಾಂಡಿಯಲ್ಲಿ ಮಾತ್ರ. ಕಣ್ಣೆದುರಿಗೆ ಇದ್ದದ್ದು ಐರಣಿ ಕಡೆಯ ಬೋಳು ಗುಡ್ಡ. ಹುಟ್ಟಿದಾಗಿನಿಂದ ನೋಡಿದ್ದ ಅದನ್ನೇ ನೋಡುತ್ತ ಕೆಳಗಿನ ಸ್ವರವೊಂದನ್ನು ಒತ್ತಿ ಹಿಡಿದೆ. ಅದು ಹಾಗೇ ನಿಂತಿತು, ಬೆರಳು ಎತ್ತುವವರೆಗೂ. ಹೊತ್ತು ಇಳಿದಂತೆ ಗುಡ್ಡದ ಬಂಡೆಗಳು ಕೆಂಪಾಗಿ, ಆಮೇಲೆ ನೇರಳೆಯಾಗಿ, ಕಡೆಗೆ ಬರೀ ಒಂದು ಕಪ್ಪು ಅಂಚಾದವು. ಬಣ್ಣ ಬದಲಾದಾಗಲೆಲ್ಲ ಒಂದೊಂದು ಸ್ವರ ಸೇರಿಸಿದೆ. ಇಷ್ಟು ವರ್ಷ ಬಟ್ಟೆ ಒಣಹಾಕುತ್ತ ಅದಕ್ಕೆ ಬೆನ್ನು ತಿರುಗಿಸಿದ್ದೆನಲ್ಲ ಎಂದು ನಾಚಿಕೆಯಾಯಿತು. ಕಣ್ಣಲ್ಲಿ ನೀರು ಬಂತು.

ಬುಧವಾರ ಸಂಜೆ ಬಾರಿಸುತ್ತಿದ್ದಾಗ ಅಪ್ಪ ಮೇಲೆ ಬಂದು ನಿಂತಿದ್ದ. ನಾನು ಮುಗಿಸುವವರೆಗೂ ಕೆಮ್ಮಲೂ ಇಲ್ಲ.

"ಯಾವುದಿದು?"

"ಆ ಗುಡ್ಡ, ಅಪ್ಪಾ."

ಅವನು ನನ್ನನ್ನು ಸರಿಸಿ ಕೂತು ಬಲಗೈ ಇಟ್ಟ. ಎದುರು ಕೂತ ನನ್ನ ಕೈ ತಾನಾಗಿ ಕೀಬೋರ್ಡಿನ ಬೆನ್ನಿಗೆ ಹೋಗಿ ಇಲ್ಲದ ತಿದಿಯನ್ನು ಒತ್ತತೊಡಗಿತು. ನನಗೆ ಅದರ ಖಬರೇ ಇಲ್ಲ. ಅಪ್ಪ ಬಾರಿಸುವುದನ್ನು ನಿಲ್ಲಿಸಿದ. ಗಾಳಿಯಲ್ಲಿ ಹಿಂದೆ ಮುಂದೆ ಆಡುತ್ತಿದ್ದ ನನ್ನ ಕೈಯನ್ನೇ ನೋಡಿದ. ನಗುತ್ತಾನೆಂದುಕೊಂಡೆ, ನಗಲಿಲ್ಲ.

"ಸಾಕು ಬಿಡವ್ವಾ," ಎಂದು ಕೆಳಗಿಳಿದು ಹೋದ.

ಗುರುವಾರ ಬ್ಯಾಡಗಿಯವರು ಕೀಬೋರ್ಡ್ ಒಯ್ದರು. ನಾನು ಅತ್ತುಬಿಟ್ಟೆ, ಮುಚ್ಚುಮರೆ ಏನಿಲ್ಲ. ಸಾಕು ಬಿಡು ಎಂದು ಎದ್ದುಹೋದ ಅಪ್ಪನ ಮೇಲೆ ಸಿಟ್ಟೂ ಬಂದಿತ್ತು.

ಸೋಮವಾರ ಭಜನೆಗೆ ಮಂದಿ ಸೇರಿದರು. ನಾನು ಮುಖ ಗಂಟು ಹಾಕಿಕೊಂಡು ನನ್ನ ಜಾಗದಲ್ಲಿ ಕೂತೆ. ಅಪ್ಪ ಎಲ್ಲರೆದುರು ಪೇಟಿಯನ್ನು ಬಲಗೈಯಿಂದ ತಿರುಗಿಸಿದ. ಕೀಗಳೆಲ್ಲ ನನ್ನ ಕಡೆಗೆ ಬಂದವು, ಮೊದಲ ಸಲ ಸರಿಯಾದ ಬದಿಯಿಂದ.

"ಗುಡ್ಡದಷ್ಟು ಉದ್ದ ಹಿಡೀ," ಎಂದ ಅಪ್ಪ. "ಗಾಳಿ ನಾ ಹಾಕ್ತೇನಿ."

ಆಮೇಲೆ ಆ ಕಡೆಯಿಂದ ಬಲಗೈಯಲ್ಲಿ ತಿದಿ ಒತ್ತತೊಡಗಿದ.